ಬಿಡಿಭಾಗ ಬದಲಿಸುವ ಮುನ್ನ

ಕಾರು ಇಟ್ಟುಕೊಂಡಿರುವ ವಾಚಕರಲ್ಲಿ ಹಲವರಿಗೆ ಈ ಅನುಭವ ಆಗಿರಲು ಸಾಕು. ಘಾಟಿಯ ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲೆಂದು ಆಕ್ಸಿಲರೇಟರನ್ನು ಒತ್ತಿದರೆ, ಕಾರು ಮುನ್ನುಗ್ಗುವ ಬದಲು ಕ್ಷಣಕಾಲ ತಡವರಿಸುತ್ತದೆ. ಇದು ಬರಿಯ ಕಿರುಕುಳವಲ್ಲ. ಪ್ರಾಣಾಪಾಯ ತರಬಲ್ಲ ದೋಷ. ನಿಂತಲ್ಲಿಯೇ ಎಂಜಿನ್ನಿನ ವೇಗ ಏರಿಳಿಯುತ್ತಿದ್ದು, ಎಚ್ಚರಿಕೆಯ ದೀಪವೂ ಹೊತ್ತಿಕೊಂಡಿದ್ದರೆ, ಥ್ರಾಟಲ್ ಪೊಸಿಷನ್ ಸೆನ್ಸರಿನ ಮೇಲೆ ಸಂಶಯಪಡಬಹುದು. ಆದರೆ ಸಂಶಯ ಬೇರೆ, ರುಜುವಾತು ಬೇರೆ.

ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆ ಎಷ್ಟು ತೆರೆದಿದೆಯೆಂದು ಕಂಪ್ಯೂಟರಿಗೆ ತಿಳಿಸುವುದೇ ಈ ಸೆನ್ಸರಿನ ಕೆಲಸ. ಹಳೆಯ ಮಾದರಿಯ ಸೆನ್ಸರಿನೊಳಗೆ ಇರುವುದು ರೇಡಿಯೋದ ಧ್ವನಿ ಹೆಚ್ಚಿಸುವ ಗುಂಡಿಯಲ್ಲಿರುವಂತಹುದೇ ಏರ್ಪಾಡು: ಒಂದು ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಗೆ. ಗುಂಡಿ ಹಳತಾದರೆ ರೇಡಿಯೋ ಕರಕರಗುಟ್ಟುವುದಷ್ಟೆ? ಪಟ್ಟಿ ಸವೆದ ಸೆನ್ಸರೂ ಹಾಗೆಯೇ ತೊದಲುತ್ತದೆ.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡದೆ, ಕೀಲಿಯನ್ನಷ್ಟೇ ತಿರುಗಿಸಿ. ಮೂರು ತಂತಿಗಳಲ್ಲಿ ಒಂದಕ್ಕೆ 5 ವೋಲ್ಟ್ ಬರಬೇಕು, ಇನ್ನೊಂದು ಅರ್ಥ್, ಮೂರನೆಯದು ಸಂಕೇತದ ತಂತಿ. ತಟ್ಟೆ ಮುಚ್ಚಿದಾಗ ಅದರಲ್ಲಿ ಸಾಮಾನ್ಯವಾಗಿ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್ ಇರುತ್ತದೆ. ತಟ್ಟೆಯನ್ನು ಮೆಲ್ಲನೆ ತೆರೆಯುತ್ತ ಹೋದಂತೆ ವೋಲ್ಟೇಜು ತಡೆಯಿಲ್ಲದೆ ಏರಬೇಕು. ನಡುವೆ ಕುಸಿದರೆ ಅಪರಾಧಿ ಸೆನ್ಸರೇ. ಕ್ಷಣಿಕವಾದ ಈ ಕುಸಿತವನ್ನು ಅಂಕೆಯ ಮೀಟರಿಗಿಂತ ಹಳೆಯ ಮುಳ್ಳಿನ ಮೀಟರೇ ಚೆನ್ನಾಗಿ ತೋರಿಸುವುದುಂಟು.

ಆ 5 ವೋಲ್ಟ್ ಬಾರದಿದ್ದರೆ ದೋಷವನ್ನು ತಂತಿಯಲ್ಲಿಯೋ ಕನೆಕ್ಟರಿನಲ್ಲಿಯೋ ಹುಡುಕಬೇಕು. ಸ್ಕ್ಯಾನರು ತೋರಿಸುವ 'ಪಿ 0122' ಎಂಬ ಸಂಕೇತ ವೋಲ್ಟೇಜು ಕಡಿಮೆಯೆಂದು ಹೇಳುತ್ತದೆಯೇ ಹೊರತು, ಸೆನ್ಸರು ಕೆಟ್ಟಿದೆಯೆಂದಲ್ಲ. ಇಲ್ಲಿ ಅವಸರಪಟ್ಟರೆ ಹೊಸ ಸೆನ್ಸರಿಗೆ ಹಣ ತೆತ್ತೂ ಹಳೆಯ ರೋಗ ಉಳಿದೀತು. ಕಿಲುಬು ಹಿಡಿದ ಕನೆಕ್ಟರನ್ನು ಶುಚಿಮಾಡಿದರೇ ಎಷ್ಟೋ ವೇಳೆ ಕೆಲಸ ಮುಗಿಯುತ್ತದೆ.

ಸವೆದ ಸೆನ್ಸರಿಗೆ ಮಾತ್ರ ರಿಪೇರಿಯಿಲ್ಲ, ಬದಲಿಸಲೇಬೇಕು. ಕೆಲವು ಹಳೆಯ ಕಾರುಗಳಲ್ಲಿ ಹೊಸದನ್ನು ಕೂರಿಸಿದ ಮೇಲೆ, ಕೈಪಿಡಿಯಲ್ಲಿ ಹೇಳಿದ ವೋಲ್ಟೇಜಿಗೆ ಅದನ್ನು ಸರಿಹೊಂದಿಸಿ ತಿರುಪು ಬಿಗಿಯಬೇಕು.

ಕೊನೆಗೊಂದು ಎಚ್ಚರಿಕೆ. ಇಂದಿನ ಬಹುಪಾಲು ಕಾರುಗಳಲ್ಲಿ ತಟ್ಟೆಯನ್ನು ವಿದ್ಯುತ್ ಮೋಟಾರು ತಿರುಗಿಸುತ್ತದೆ. ಕೀಲಿ ತಿರುಗಿಸಿರುವಾಗ ಅದರೊಳಗೆ ಬೆರಳಿಟ್ಟೀರಿ, ಜೋಕೆ! ಅಂತಹ ಕಾರುಗಳನ್ನು ಬಲ್ಲವರ ಕೈಗೊಪ್ಪಿಸುವುದೇ ಲೇಸು. ಆದರೆ ಅಲ್ಲಿಯೂ ಒಂದು ಮಾತು ಕೇಳಲು ಸಂಕೋಚ ಬೇಡ: "ಅಳೆದು ನೋಡಿದಿರಾ?"