1982: ಎರಡು ನಾಡು, ಒಂದೇ ಕೂಗು



1867ರ ಕಾನೂನು ಇಲ್ಲಿನ ಮಾವೋರಿ ಮಕ್ಕಳ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತಂದಿತು. ತಾಯ್ನುಡಿ ಆಡಿದ ಮಕ್ಕಳಿಗೆ ಏಟು ಬಿತ್ತು. ನೂರು ವರ್ಷದಲ್ಲಿ ನುಡಿಯೇ ಅಳಿವಿನಂಚಿಗೆ ಬಂತು. 1972ರಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿ ಸಂಸತ್ತಿಗೆ ಮನವಿ ಕೊಟ್ಟರು. 1982ರಲ್ಲಿ ವೆಲಿಂಗ್ಟನ್ ಬಳಿ ಮೊದಲ 'ಕೋಹಂಗ ರೆಓ', ಅಂದರೆ ನುಡಿಗೂಡು, ಶುರುವಾಯಿತು. ಅಜ್ಜ-ಅಜ್ಜಿಯರು ಎಳೆಯ ಮಕ್ಕಳೊಡನೆ ಮಾವೋರಿಯಲ್ಲೇ ಮಾತಾಡಿದರು. 1987ರಲ್ಲಿ ಅದು ಅಧಿಕೃತ ಭಾಷೆಯಾಯಿತು.

ಅದೇ 1982ರಲ್ಲಿ ನಮ್ಮಲ್ಲಿ ಡಾ. ರಾಜ್ ಗೋಕಾಕ್ ಚಳವಳಿಗೆ ಧುಮುಕಿದ್ದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬುದೇ ಆ ಹೋರಾಟ.

ಆಕ್ಲೆಂಡಿನ ನಮ್ಮ ಮನೆಗಳಲ್ಲಿ ಕನ್ನಡವನ್ನು ಯಾವ ಕಾನೂನೂ ತಡೆದಿಲ್ಲ. ಅದು ನಿಂತುಹೋದರೆ ನಿಲ್ಲಿಸಿದವರು ನಾವೇ! ಊರಿನಿಂದ ಅಜ್ಜಿ-ತಾತ ಬಂದಾಗ ಮಕ್ಕಳ ಕೈಗೆ ಐಪ್ಯಾಡ್ ಕೊಡಬೇಡಿ, ಮಕ್ಕಳನ್ನೇ ಅವರ ಕೈಗೆ ಕೊಡಿ. ನುಡಿಗೂಡು ನಮ್ಮ ಮನೆಯಲ್ಲೇ ಇದೆ. ಏನಂತೀರಿ?