ಮುಂಗಡಪತ್ರದ ಪೆಟ್ಟಿಗೆ, ತಾಲ್ಲೂಕಿನ ದಫ್ತರ

ಬಜೆಟ್ ಎಂಬ ಪದದ ಮೂಲ, ಚರ್ಮದ ಚೀಲ ಎಂಬ ಅರ್ಥದ ಹಳೆಯ ಫ್ರೆಂಚ್ ಶಬ್ದ. ಗ್ಲ್ಯಾಡ್‌ಸ್ಟನ್ ಕಾಲದ ಕೆಂಪು ಪೆಟ್ಟಿಗೆಯನ್ನು ಬ್ರಿಟನ್ನಿನ ಬಹುತೇಕ ಅರ್ಥಸಚಿವರು 2010ರವರೆಗೂ ಹಿಡಿದು ನಿಂತರು. ನಮ್ಮಲ್ಲಿ ಷಣ್ಮುಖಂ ಚೆಟ್ಟಿಯವರು 1947ರ ನವೆಂಬರ್ 26ರಂದು ಚರ್ಮದ ಚೀಲದೊಂದಿಗೆ ಸಂಸತ್ತಿಗೆ ಬಂದರು. 2019ರ ಜುಲೈ 5ರಂದು ನಿರ್ಮಲಾ ಸೀತಾರಾಮನ್ ಅವರು ಅದನ್ನು ಬಿಟ್ಟು ಕೆಂಪು ಬಟ್ಟೆಯಲ್ಲಿ ಸುತ್ತಿದ 'ಬಹಿ ಖಾತಾ' ತಂದರು. 2021ರಲ್ಲಿ ಆ ಕೆಂಪು ಹೊದಿಕೆಯೊಳಗೆ ಕಾಗದದ ಬದಲು ಟ್ಯಾಬ್ಲೆಟ್ ಬಂದಿತು.

ದೆಹಲಿಗೆ ಹೊಸದೆನಿಸಿದ ಆ ಕೆಂಪು ಗಂಟು ಕಂದಾಯ ಇಲಾಖೆಯಲ್ಲಿ ದುಡಿದ ನನ್ನಂಥವರಿಗೆ ಹಳೆಯ ಪರಿಚಯ. 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಅದಕ್ಕೆ ದಫ್ತರ ಎನ್ನುವರು. ಹಳೆ ಮೈಸೂರಿನಲ್ಲಿ ಅದೇ ರುಮಾಲು. ನಾವಿಂದು ಫೈಲಿಗೆ ಬಳಸುವ 'ಕಡತ' ಶಬ್ದವೂ ಮೂಲತಃ ಬಟ್ಟೆಯದೇ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಹೊತ್ತಗೆ ಅದು. ಅಳಿಸಿ ಮತ್ತೆ ಬರೆಯಬಹುದಿತ್ತು. (ಈ ಅನುಕೂಲ ಕೆಲವರಿಗೆ ಇಂದಿಗೂ ಪ್ರಿಯ.)

ಎರಡು ಗಂಟುಗಳೊಳಗೆ ಇರುವುದು ಮಾತ್ರ ಬೇರೆ ಬೇರೆ. ಸಚಿವರ ಗಂಟಿನಲ್ಲಿರುವುದು ಬಹುಪಾಲು ಅಂದಾಜು. ಸಂವಿಧಾನದ 112 ಮತ್ತು 202ನೇ ವಿಧಿಗಳು ಅದನ್ನು ವಾರ್ಷಿಕ ಹಣಕಾಸು ವಿವರಣಪತ್ರ ಎನ್ನುತ್ತವೆ. ಬಜೆಟ್ ಎಂಬ ಪದವೇ ಅಲ್ಲಿಲ್ಲ, ಪೆಟ್ಟಿಗೆಯ ಮಾತಂತೂ ದೂರ. ಅದು ಕಳೆದರೆ ಇನ್ನೊಂದು ಪ್ರತಿ ದೊರೆತೀತು. ತಾಲ್ಲೂಕಿನ ದಫ್ತರದಲ್ಲಿರುವುದು ಹಕ್ಕು. 1974ರ ಭೂಸುಧಾರಣೆಯ ನಂತರ ಗೇಣಿದಾರನೊಬ್ಬನಿಗೆ ಭೂ ನ್ಯಾಯಮಂಡಳಿ ನೀಡಿದ ಆದೇಶದ ಮೂಲ ಕಡತ ಅಲ್ಲಿರುತ್ತದೆ. ಹೆದ್ದಾರಿಗೋ ಕಾಲುವೆಗೋ ಜಮೀನು ಹೋದಾಗ, ಮನೆಯಲ್ಲಿ ಪಾಲು ನಡೆದಾಗ ಅವನ ಮೊಮ್ಮಗ ಕೇಳುವುದು ಆ ಕಾಗದವನ್ನೇ. 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲೇ ಉತಾರವನ್ನು ಗಣಕಕ್ಕೆ ತಂದು ದೊಡ್ಡ ಉಪಕಾರ ಮಾಡಿತು. ಆದರೆ ಉತಾರ ಹೇಳುವುದು ಇಂದಿನ ಸ್ಥಿತಿಯನ್ನು; ಅದಕ್ಕೆ ಆಧಾರವಾದ ಹಳೆಯ ಹಾಳೆಗಳು ಗೆದ್ದಲಿನ ನೆರೆಯಲ್ಲೇ ಉಳಿದವು.

ಒಂದೇ ಪ್ರತಿಯಿರುವ ಕಾಗದದ ಆಯುಷ್ಯ ಎಷ್ಟು? 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿತದಿಂದ ಕೆರಳಿದವರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅಂದು ನನಗೆ ಮೊದಲು ನೆನಪಾದದ್ದು ನಮ್ಮ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳು.

ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕಾರ್ಯವನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಗೆತ್ತಿಕೊಂಡದ್ದು ಸ್ವಾಗತಾರ್ಹ. ಅಲ್ಲಿ ಯಂತ್ರಕ್ಕಿಂತ ಮುಖ್ಯರಾದವರು ಹಳೆಯ ಮೋಡಿ ಅಕ್ಷರ ಓದಬಲ್ಲ, ಯಾವ ಹಾಳೆ ಯಾವ ಸರ್ವೆ ನಂಬರಿನದೆಂದು ಗುರುತಿಸಬಲ್ಲ ಗುಮಾಸ್ತರು. ಅಂಥವರು ವರ್ಷವರ್ಷವೂ ನಿವೃತ್ತರಾಗುತ್ತಿದ್ದಾರೆ. ಅವರನ್ನು ಗೌರವಧನ ಕೊಟ್ಟು ಮರಳಿ ಕರೆಸಬೇಕು, ಸ್ಕ್ಯಾನ್ ಆದ ಮೇಲೂ ಮೂಲಪ್ರತಿಗಳನ್ನು ಕಾಪಾಡಬೇಕು. ಯಾವ ತಾಲ್ಲೂಕಿನಲ್ಲಿ ಎಷ್ಟು ಗಂಟು ಬಿಚ್ಚಲಾಯಿತು, ಎಷ್ಟು ಹಾಳೆ ಓದಲಾಗದೆ ಉಳಿಯಿತು ಎಂಬ ಲೆಕ್ಕವನ್ನು ಮುಂದಿನ ಮುಂಗಡಪತ್ರದೊಂದಿಗೇ ಸದನದ ಮುಂದಿಡಲಿ.