ಮಣ್ಣಿನ ಬಣ್ಣದ ಗೋಡೆಗೆ ಒಂದು ಝೂಮರ್ ಸಾಕು

ಕೊಡಗಿನಲ್ಲಿ ಈಗ ಹೊಸ ಮನೆ ಕಟ್ಟುವವರಿಗೂ ಹೋಂಸ್ಟೇ ನಡೆಸುವವರಿಗೂ ಎರಡು ಆಸೆಗಳು ಒಟ್ಟಿಗೆ ಬಂದಿವೆ. ಒಂದು, ಮಣ್ಣಿನ ಬಣ್ಣದ ಗೋಡೆ, ಬೆತ್ತದ ಕುರ್ಚಿ, ಸೆಣಬಿನ ಚಾಪೆ, ನೇತುಹಾಕಿದ ಗಿಡದ ಕುಂಡ. ಇದಕ್ಕೆ 'ಬೋಹೋ' ಶೈಲಿ ಎನ್ನುತ್ತಾರೆ. ಇನ್ನೊಂದು, ಅದೇ ಕೋಣೆಯ ನಡುವೆ ಹಳೆಯ ಬಂಗಲೆಗಳಲ್ಲಿದ್ದಂಥ ಗಾಜಿನ ಗೊಂಚಲು ದೀಪ. ಇವೆರಡೂ ಹೊಂದುವುದಿಲ್ಲ ಎನ್ನುವವರಿದ್ದಾರೆ. ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಂಗಡಿಗೆ ಹೋಗುವ ಮೊದಲು ನಮ್ಮ ಅಟ್ಟವನ್ನು ಒಮ್ಮೆ ನೋಡಬೇಕು.

ಇದು ನಮ್ಮ ಜಿಲ್ಲೆಗೆ ಹೊಸ ವಿಷಯವೇ ಅಲ್ಲ. ಕೊಡವರ ಐನ್‌ಮನೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಮರದ ಕಂಬಗಳ ನಡುವೆ ನೆಲ್ಲಕ್ಕಿ ನಡುಬಾಡೆಯಲ್ಲಿ ಲೋಹದ ತೂಗುದೀಪ ಇರುತ್ತದೆ. ಸುತ್ತ ಎಲ್ಲವೂ ಸರಳ, ಹೊಳೆಯುವುದು ದೀಪ ಮಾತ್ರ. ಅದಕ್ಕೇ ಅದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಆ ದೀಪ ಅಲಂಕಾರವಲ್ಲ, ಹಿರಿಯರ ನೆನಪು, ಗೌರವ. ಅದನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಆ ಅಳತೆಯನ್ನು ಕಲಿಯಬಹುದು ಎನ್ನುತ್ತೇನೆ.

ನಮ್ಮ ಮನೆಯ ಉರ್ದುವಿನಲ್ಲಿ ಗೊಂಚಲು ದೀಪಕ್ಕೆ ಝೂಮರ್ ಎನ್ನುತ್ತಾರೆ. ಮದುಮಗಳು ತಲೆಯ ಒಂದು ಬದಿಗೆ ಹಾಕಿಕೊಳ್ಳುವ ಒಡವೆಯ ಹೆಸರೂ ಝೂಮರ್. ಅದನ್ನು ಒಂದೇ ಬದಿಗೆ ಹಾಕುತ್ತಾರೆ, ಎರಡೂ ಬದಿಗಲ್ಲ. ಮನೆಯ ವಿಷಯದಲ್ಲೂ ಇದೇ ನಿಯಮ ಸರಿ. ಒಂದು ಕೋಣೆಗೆ ಒಂದು ಹೊಳೆಯುವ ದೀಪ ಸಾಕು. ಉಳಿದದ್ದು ಮರ, ಬೆತ್ತ, ಮಡಕೆ, ಹತ್ತಿ ಬಟ್ಟೆ ಇರಲಿ. ಹಾಲ್‌ನಲ್ಲಿ ಒಂದು, ಊಟದ ಮೇಜಿನ ಮೇಲೆ ಒಂದು, ಮೆಟ್ಟಿಲಿಗೆ ಇನ್ನೊಂದು ಎಂದು ಹಾಕುತ್ತಾ ಹೋದರೆ ಮನೆ ದೀಪದ ಅಂಗಡಿಯಂತೆ ಕಾಣುತ್ತದೆ.

ಅಳತೆಯೂ ಮುಖ್ಯ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ದೊಡ್ಡ ಗೊಂಚಲು ದೀಪಗಳನ್ನು ಪ್ರವಾಸಕ್ಕೆ ಹೋದವರೆಲ್ಲ ನೋಡಿರುತ್ತೀರಿ. ಆ ದೀಪಗಳಿಗೆ ಆ ಎತ್ತರದ ಛಾವಣಿ ಇದೆ. ನಮ್ಮ ಮನೆಗಳ ಛಾವಣಿ ಸುಮಾರು ಹತ್ತು ಅಡಿ. ಓಡಾಡುವ ಜಾಗದಲ್ಲಿ ತಲೆಯ ಮೇಲೆ ಏಳು ಅಡಿ ಬಿಟ್ಟರೆ ದೀಪಕ್ಕೆ ಉಳಿಯುವುದು ಮೂರೇ ಅಡಿ.

ಕಾಮರ್ಸ್ ವಿದ್ಯಾರ್ಥಿನಿಯಾಗಿ ಲೆಕ್ಕವನ್ನೂ ಹೇಳಲೇಬೇಕು. ಎಂಟು ಬಲ್ಬುಗಳ ಗೊಂಚಲಿಗೆ 40 ವ್ಯಾಟಿನ ಹಳೆಯ ಬಲ್ಬು ಹಾಕಿ ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 48 ಯೂನಿಟ್ ಆಗುತ್ತದೆ. 4 ವ್ಯಾಟಿನ ಎಲ್‌ಇಡಿ ಹಾಕಿದರೆ 4.8 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಎನ್ನಬೇಡಿ, ಅದರಲ್ಲೂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಮಿತಿ ಇದೆ. ಎಲ್‌ಇಡಿ ಕೊಳ್ಳುವಾಗ ಡಬ್ಬದ ಮೇಲೆ 2700 ಕೆ ಎಂದಿದೆಯೇ ನೋಡಿ. ಅದು ಹಳದಿ ಬೆಳಕು. 6500 ಕೆ ಬಿಳಿ ಬೆಳಕಿನಲ್ಲಿ ಮಣ್ಣಿನ ಬಣ್ಣವೂ ಮರದ ಬಣ್ಣವೂ ಸತ್ತಂತೆ ಕಾಣುತ್ತವೆ. ಮೊದಲ ಮಳೆಗೆ ಏಳುವ ರೆಕ್ಕೆಹುಳುಗಳೂ ಹಳದಿ ಬೆಳಕಿಗೆ ಕಡಿಮೆ ಬರುತ್ತವೆ.

ಇಂಟರ್‌ನೆಟ್ಟಿನ ಚಿತ್ರಗಳು ನಮ್ಮ ಮಳೆಗಾಲವನ್ನು ಕಂಡಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೆಣಬಿನ ಚಾಪೆಗೂ ಬೆತ್ತಕ್ಕೂ ಬೂಸ್ಟು ಹಿಡಿಯುತ್ತದೆ, ಹಿತ್ತಾಳೆ ಕಪ್ಪಾಗುತ್ತದೆ. ಹಾಗಾಗಿ ಗೋಡೆಯಿಂದ ಗೋಡೆಗೆ ಸೆಣಬು ಹಾಸದೆ, ಬಿಸಿಲಿಗೆ ಹಾಕಲು ಆಗುವಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ದೀಪದೊಳಗೆ ಬಟ್ಟೆ ಸುತ್ತಿದ ವಯರ್ ಇದ್ದರೆ ಅದನ್ನು ತೆಗೆಸಿ ಹೊಸದು ಹಾಕಿಸಬೇಕು. ಲೋಹದ ದೀಪಕ್ಕೆ ಅರ್ಥಿಂಗ್ ಇರಲೇಬೇಕು. ಭಾರದ ದೀಪವನ್ನು ಗಟ್ಟಿ ತೊಲೆಗೆ ಅಥವಾ ಕಾಂಕ್ರೀಟಿಗೆ ತೂಗುಹಾಕಬೇಕು, ಫಾಲ್ಸ್ ಸೀಲಿಂಗಿಗಲ್ಲ.

ಈಗ ನನಗೆ ಬೇಸರ ತರುವ ಮಾತು. ಹಣದ ಅಡಚಣೆ ಬಂದಾಗ, ಇಲ್ಲವೇ ಮನೆ ಖಾಲಿ ಮಾಡುವಾಗ ನಾವು ಅಜ್ಜಿಯ ಕಾಲದ ಲಾಟೀನು, ಹಿತ್ತಾಳೆ ದೀಪ, ಗಾಜಿನ ಹಂಡಿಗಳನ್ನು ಗುಜರಿಗೆ ಕೊಡುತ್ತೇವೆ. ಅಲ್ಲಿ ಬೆಲೆ ಕಟ್ಟುವುದು ತೂಕದ ಲೆಕ್ಕದಲ್ಲಿ. ಅದೇ ವಸ್ತು ಉಜ್ಜಿಸಿಕೊಂಡು 'ವಿಂಟೇಜ್' ಎಂಬ ಚೀಟಿ ಅಂಟಿಸಿಕೊಂಡು ಮತ್ತೊಂದು ಅಂಗಡಿಗೆ ಬಂದರೆ ಬೆಲೆ ಎಷ್ಟೋ ಪಟ್ಟು ಏರಿರುತ್ತದೆ. ವಸ್ತು ಬದಲಾಗಿಲ್ಲ, ಅದರ ಬೆಲೆ ತಿಳಿದವರು ಬದಲಾಗಿದ್ದಾರೆ ಅಷ್ಟೆ. ನಷ್ಟವಾಗುವುದು ಬಡ ಮನೆಗೆ. ಹಿತ್ತಾಳೆ ಬೆಸೆಯುವ, ತಿಕ್ಕಿ ಹೊಳಪು ಕೊಡುವ ಕೈಗಳಿಗೂ ಹೊಸ ರೆಡಿಮೇಡ್ ದೀಪಗಳಿಂದ ಕೆಲಸವಿಲ್ಲ.

ಇದೆಲ್ಲ ಶ್ರೀಮಂತರ ಚರ್ಚೆ ಎಂದು ನೀವು ಹೇಳಬಹುದು. ಹೊಸ ಗೊಂಚಲು ದೀಪ ಕೊಳ್ಳುವುದಾದರೆ ಅದು ಸರಿ. ಆದರೆ ಇರುವ ಲಾಟೀನನ್ನು ಉಜ್ಜಿ, ಒಳಗೆ ಬಲ್ಬು ಕೂರಿಸಿ, ಸುಣ್ಣ ಬಳಿದ ಗೋಡೆಯ ಮುಂದೆ ತೂಗುಹಾಕಲು ಶ್ರೀಮಂತಿಕೆ ಬೇಕಿಲ್ಲ. ಸಾಲ ಮಾಡಿ ತಂದ ಹರಳಿನ ಗೊಂಚಲಿಗಿಂತ ಇದು ಮನೆಗೆ ಹೆಚ್ಚು ಒಪ್ಪುತ್ತದೆ.

ಈ ರಜೆಯಲ್ಲಿ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಹಳೆಯ ದೀಪ ಸಿಕ್ಕರೆ ಅದು ಯಾರದು, ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮಾರಲೇಬೇಕಾದರೆ ಎರಡು ಕಡೆ ಬೆಲೆ ವಿಚಾರಿಸದೆ ತಕ್ಕಡಿಗೆ ಹಾಕಬೇಡಿ.